ಬನ್ನಿ, ಜೇನುಗಿಡುಗ ಬಂದಿದೆ

ಪುತ್ತೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಬಾಳೆಹಣ್ಣಿನ ಅಂಗಡಿಯೊಂದಿದೆ. ಗೊನೆಗಳು ಸೂರಿನಿಂದ ತೂಗುತ್ತಿರುತ್ತವೆ. ಸಂಜೆಯ ಹೊತ್ತಿಗೆ ಹಣ್ಣು ಒಂದಿಷ್ಟು ಮಿಕ್ಕಿ ಮಾಗಿ ಅದರ ವಾಸನೆ ರಸ್ತೆಯವರೆಗೂ ಬರುತ್ತದೆ. ಕಳೆದ ವಾರ ಉಮ್ಮ ಕದಳಿ ಹಣ್ಣು ತರಲು ಹೇಳಿದ್ದರು. ಅಂಗಡಿಯವರು ಹಣ್ಣು ತೂಗಿ ಚೀಲಕ್ಕೆ ಹಾಕುತ್ತಿದ್ದಾಗ ನಾನು ಅದನ್ನು ಅಲ್ಲೇ ಬಿಟ್ಟು, ಎರಡೂ ಕಡೆ ನೋಡದೆ ರಸ್ತೆ ದಾಟಿಬಿಟ್ಟೆ.

"ಎಂತ ಆಯ್ತು ಮಾರಾಯ್ತಿ? ಹಣ್ಣು ಬೇಡ್ವಾ?" ಎಂದು ಅವರು ಆಚೆಯಿಂದ ಕೂಗುತ್ತಿದ್ದರು. ನಾನು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಲೆಯ ಶಾಲು ತೆಗೆದು ಕೊಡವುತ್ತಿದ್ದೆ. ಶಾಲಿನಲ್ಲಿ ಏನೂ ಇರಲಿಲ್ಲ.

ಹೆಜ್ಜೇನು ಕುಟುಕಿದ ಜಾಗದಿಂದ ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತದೆ. ಒಂದು ಹುಳ ಬಿಟ್ಟ ಆ ವಾಸನೆ ಹಿಡಿದು ಉಳಿದವು ಬರುತ್ತವೆ. ಇದನ್ನು ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಐದಕ್ಕೆ ನಾಲ್ಕು ಅಂಕ ಪಡೆದಿದ್ದೆ. ಉಳಿದ ಒಂದು ಅಂಕ ಹೋದ ವರ್ಷದ ಚಳಿಗಾಲದಲ್ಲಿ ಕೊಲ್ಲಮೊಗ್ರಿನಲ್ಲಿ ಸಿಕ್ಕಿತು.

ನಾನು ಹಕ್ಕಿ ನೋಡುವವಳು. ಬೇರೆ ಮನೆಗಳಲ್ಲಿ ಇದನ್ನು ಹವ್ಯಾಸ ಎನ್ನುತ್ತಾರೆ, ನಮ್ಮ ಮನೆಯಲ್ಲಿ ರೋಗ ಎನ್ನುತ್ತಾರೆ. ಉಪ್ಪನಿಗೆ ಪುತ್ತೂರಿನಲ್ಲಿ ಚಪ್ಪಲಿ ಅಂಗಡಿ. ಅವರ ಲೆಕ್ಕದಲ್ಲಿ ಹಕ್ಕಿಗಳು ಎರಡು ಜಾತಿ: ಕಾಗೆ, ಮತ್ತು ಕಾಗೆ ಅಲ್ಲದ್ದು. ಉಮ್ಮನಿಗೆ ಮೂರು, ಏಕೆಂದರೆ ಅವರು ಕೋಳಿಯನ್ನೂ ಸೇರಿಸುತ್ತಾರೆ. ಟ್ಯೂಷನ್ ಹೇಳಿಕೊಟ್ಟು ಉಳಿಸಿದ ಹಣದಲ್ಲಿ ನಾನು ದುರ್ಬೀನು ಕೊಂಡಾಗ ಉಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟೇ ಭಾರದ ಚಿನ್ನ ಆಗಿದ್ರೆ ಎಷ್ಟು ಚಂದ ಇತ್ತು" ಎಂದಿದ್ದರು. ಬೆಳಗ್ಗೆ ಟೆರೇಸಿಗೆ ಹೋದರೆ, "ಹೀಗೆ ಮರ ನೋಡ್ತಾ ಕೂತ್ರೆ ನಿನ್ನನ್ನು ನೋಡ್ಲಿಕ್ಕೆ ಯಾರು ಬರುದು?" ಎನ್ನುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಉಮ್ಮ ಎಂದರೆ ಅಮ್ಮ, ಉಪ್ಪ ಎಂದರೆ ಅಪ್ಪ. ಇಲ್ಲಿ ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಬೈಗುಳಗಳನ್ನು ಸ್ವಲ್ಪ ಬಿಟ್ಟು.

ಉಮ್ಮನ ತಮ್ಮ ಹಮೀದ್ ಮಾಮ ಶಾರ್ಜಾದಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತಾರೆ. ಎರಡು ವರ್ಷಕ್ಕೊಮ್ಮೆ ರಜೆ. ಮಕ್ಕಳಿಲ್ಲ. ಅವರು ಅಲ್ಲಿದ್ದಾಗ ಮೈಮೂನಾ ಮಾಮಿ ಕಡಬದ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಹೋದ ವರ್ಷ ಡಿಸೆಂಬರಿನಲ್ಲಿ ಬಂದ ಮಾಮ, ಬಂದ ದಿನವೇ ಘೋಷಿಸಿದರು: "ಕಣ್ಣಲ್ಲಿ ಮರಳು ತುಂಬಿದೆ. ಹಸಿರು ಹಾಕಿ ತೊಳೀಬೇಕು. ಎಲ್ರೂ ಹೋಗುವ, ಐದು ದಿನ."

"ನಮ್ಮ ಹಿತ್ತಿಲಲ್ಲೂ ಹಸಿರುಂಟು. ದುಡ್ಡು ಕೊಟ್ಟು ನೋಡುದೆಂತಕ್ಕೆ?" ಎಂದು ಉಪ್ಪ ಕೇಳಿದರು.

"ಭಾವ, ನಿಮ್ಮ ಹಿತ್ತಿಲಲ್ಲಿ ನೀವೂ ಇರ್ತೀರಲ್ಲ."

ಹೀಗೆ ಮಾಮನೂ ಸೇರಿ ನಾವು ನಾಲ್ವರು ಪುತ್ತೂರಿನಿಂದ ಹೊರಟು, ಕಡಬದಲ್ಲಿ ಮಾಮಿಯನ್ನೂ ಮಾಮಿ ಮಾಡಿಟ್ಟ ಎರಡು ಡಬ್ಬ ತಿಂಡಿಯನ್ನೂ ಹತ್ತಿಸಿಕೊಂಡು, ಕೊಲ್ಲಮೊಗ್ರು ತಲುಪಿದೆವು. ಮೋನಪ್ಪ ಗೌಡರು ಎಂಬವರ ಜಾಗ. ಹಿಂದೆ ರಬ್ಬರ್ ತೋಟ, ಅದರ ಹಿಂದೆ ಕಾಡು, ಪಕ್ಕದಲ್ಲಿ ಒಂದು ಹೊಳೆ. ರಬ್ಬರಿಗೆ ಬೆಲೆ ಇಲ್ಲದ ವರ್ಷ ಮನೆಯ ಪಕ್ಕ ಮೂರು ಕೋಣೆ ಕಟ್ಟಿ ಪ್ರವಾಸಿಗರಿಗೆ ಕೊಡತೊಡಗಿದ್ದರಂತೆ. ಅಂಗಳದಾಚೆ, ಸುಗ್ಗಿಯ ಬೆಳೆ ಬಿತ್ತದೆ ಬಿಟ್ಟ ಗದ್ದೆಯ ಅಂಚಿನಲ್ಲಿ, ಒಂದು ಬೂರುಗದ ಮರ ಸೀದಾ ಮೇಲಕ್ಕೆ ಹೋಗಿತ್ತು.

ನನಗೆ ಅದು ಸ್ವರ್ಗ. ಸ್ವರ್ಗದಲ್ಲಿ ಒಬ್ಬಳೇ ಇರುವುದು ಎಷ್ಟು ಬೇಸರ ಎಂದು ಆ ಐದು ದಿನಗಳಲ್ಲಿ ಗೊತ್ತಾಯಿತು.

ಬೆಳಗ್ಗೆ ಆರಕ್ಕೆ ಎದ್ದು ಹೊರಡುತ್ತಿದ್ದೆ. ಮಾಮ ಹಾಸಿಗೆಯಿಂದಲೇ, "ಹಕ್ಕಿ ಡಾಕ್ಟ್ರ ಕ್ಲಿನಿಕ್ ಓಪನ್ ಆಯ್ತು" ಎನ್ನುತ್ತಿದ್ದರು. ಮೊದಲ ದಿನ ಮಂಗಟ್ಟೆಗಳು ತಲೆಯ ಮೇಲೆ ಹಾದುಹೋದವು. ಅವುಗಳ ರೆಕ್ಕೆಯ ಸದ್ದು ದೂರದಲ್ಲಿ ರೈಲು ಉಸಿರು ಬಿಟ್ಟ ಹಾಗಿರುತ್ತದೆ. ಓಡಿ ಬಂದು ಹೇಳಿದೆ. ಮಾಮ ಆಸಕ್ತಿಯಿಂದ ಕೇಳಿಸಿಕೊಂಡು, "ಎಷ್ಟು ಕೇಜಿ ಬರ್ತದೆ?" ಎಂದರು. ಎರಡನೇ ದಿನ ಹೊಳೆಯ ಬದಿಯ ಮಬ್ಬಿನಲ್ಲಿ ಕಾಕರಣೆ ಹಕ್ಕಿ ಸಿಕ್ಕಿತು. ಗಂಡು. ಕರಿ ತಲೆ, ಹೊಟ್ಟೆಯೆಲ್ಲ ಕೆಂಪು. ಅದು ಕೂತರೆ ಅಲುಗುವುದಿಲ್ಲ, ಎಲೆಗಳ ನಡುವೆ ತೂಗುಹಾಕಿದ ಹಾಗೆ ಇರುತ್ತದೆ. ಮೂರು ವರ್ಷದಿಂದ ಹುಡುಕುತ್ತಿದ್ದೆ. ಉಸಿರು ಹಿಡಿದು ನಿಂತಿದ್ದಾಗ ಹಿಂದಿನಿಂದ ಮಾಮ ಶಾರ್ಜಾದ ಗೆಳೆಯನಿಗೆ ವಿಡಿಯೋ ಕರೆಯಲ್ಲಿ ಕಾಡು ತೋರಿಸುತ್ತಾ ಬಂದರು. "ನೋಡು ಬಶೀರೇ, ಇದು ಹೊಳೆ. ಇದು ಬಂಡೆ. ಇದು ನನ್ನ ಅಕ್ಕನ ಮಗಳು, ಮರದ ಹತ್ರ ಮಾತಾಡ್ತಾ ಇದ್ದಾಳೆ." ಕಾಕರಣೆ ಹೋಯಿತು.

ಸಂಜೆ ಅದರ ಮಸುಕು ಚಿತ್ರವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದಾರೆ, ಯಾರೂ ಏನೂ ಹೇಳಲಿಲ್ಲ. ಐದು ನಿಮಿಷದ ಮೇಲೆ ಮಾಮಿ ತಾವು ಮಾಡಿದ ಮೀನಿನ ಸಾರಿನ ಚಿತ್ರ ಹಾಕಿದರು, ಹದಿನಾಲ್ಕು ಹೃದಯಗಳು ಬಂದವು. ಮಾಮಿ ನನ್ನ ಮುಖ ನೋಡಿ, "ನಿಂದು ಮಸಾಲೆ ಕಮ್ಮಿ ಆಯ್ತು ರುಬೀ" ಎಂದು ನಗಿಸಿದರು. ಅವರೊಬ್ಬರೇ ಆ ದಿನ ನನ್ನ ಮುಖ ನೋಡಿದ್ದು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಕ್ಕಿಗಳ ಪಟ್ಟಿ ಬೆಳೆಯುತ್ತಿತ್ತು. ಭೀಮರಾಜ, ಮಡಿವಾಳ, ಮೂರು ಬಗೆಯ ಪಿಕಳಾರ, ಹೆಸರು ತಿಳಿಯದ ಒಂದು ಉಲಿಯಕ್ಕಿ. ಹೊಸ ಹಕ್ಕಿ ಕಂಡಾಗಲೆಲ್ಲ ತಲೆ ತಾನಾಗಿ ಪಕ್ಕಕ್ಕೆ ತಿರುಗುತ್ತದೆ, 'ನೋಡಿದೆಯಾ?' ಎಂದು ಕೇಳಲು. ಪಕ್ಕದಲ್ಲಿ ರಬ್ಬರ್ ಮರಗಳು ಸಾಲಾಗಿ ನಿಂತಿರುತ್ತಿದ್ದವು, ಪ್ರತಿಯೊಂದರ ಸೊಂಟಕ್ಕೂ ಒಂದೊಂದು ತೆಂಗಿನ ಚಿಪ್ಪು ಕಟ್ಟಿಕೊಂಡು.

ನನ್ನ ಜೊತೆ ಎದ್ದಿರುತ್ತಿದ್ದವರು ಮೋನಪ್ಪಣ್ಣ ಮಾತ್ರ. ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಕೆತ್ತುತ್ತಿದ್ದರು. ಎರಡನೇ ಬೆಳಗ್ಗೆ, ಕಾಕರಣೆ ಹಾರಿಹೋದ ಮೇಲೆ ನಾನು ಸಪ್ಪೆ ಮುಖ ಮಾಡಿಕೊಂಡು ಬರುವಾಗ, ಅವರು ಕತ್ತಿ ಕೆಳಗಿಟ್ಟು ಬೂರುಗದ ಮರ ತೋರಿಸಿದರು. ಅದರ ಅಡ್ಡಕೊಂಬೆಯ ಕೆಳಗೆ ಅರ್ಧಚಂದ್ರದ ಹಾಗೆ ಕಪ್ಪಗೆ ತೂಗುತ್ತಿದ್ದ ಐದಾರು ಜೇನು ಎರಿಗಳನ್ನು ನಾನು ಮೊದಲ ದಿನವೇ ನೋಡಿದ್ದೆ.

"ಹೆಜ್ಜೇನು ಕೂತದ್ದು ಉಂಟು ಅಕ್ಕ. ವರ್ಷಾವಧಿ ಬರ್ತವೆ. ಹೆದರುದು ಬೇಡ. ನಾವು ಮಾತಾಡಿದ್ರೂ, ನಡೆದ್ರೂ ಅವು ಎಂತ ಮಾಡುದಿಲ್ಲ. ಗಿಡುಗ ಬಂದ್ರೆ ಮಾತ್ರ ಇಲ್ಲಿ ಯಾರೂ ಹೊರಗೆ ನಿಲ್ಲುದಿಲ್ಲ."

"ಯಾವ ಗಿಡುಗ?"

"ಹೆಸರು ನಿಮ್ಗೇ ಗೊತ್ತಿರ್ಬಹುದು. ಮೈ ಗಿಡುಗಂದು, ತಲೆ ಪಾರಿವಾಳದ್ದು. ಅದು ಬಂದು ಎರಿ ಕಿತ್ಕೊಂಡು ಹೋಗ್ತದೆ. ಅದಕ್ಕೆ ಎಂತ ಆಗುದಿಲ್ಲ, ಮುಖದ ಗರಿ ಹಾಗೆ ದಪ್ಪ. ಸಿಟ್ಟೆಲ್ಲ ಕೆಳಗಿದ್ದವರ ಮೇಲೆ. ಅದು ಮೇಲೆ ಸುತ್ತು ಹಾಕ್ಲಿಕ್ಕೆ ಶುರು ಮಾಡಿದ ಕೂಡ್ಲೆ ನಾವು ದನ ಬಿಚ್ಚಿ ಹಟ್ಟಿಗೆ ಕಟ್ಟುದು, ಬಾಗಿಲು ಹಾಕುದು. ಒಂದು ಗಂಟೆ ಮನೆಯಲ್ಲಿ ಕೆಮ್ಮುದೂ ಇಲ್ಲ."

ಜೇನುಗಿಡುಗ! ಹಾರುವಾಗ ನೋಡಿದ್ದೆ, ಆದರೆ ಅದು ಹೆಜ್ಜೇನಿನ ಎರಿಗೆ ಎರಗುವುದನ್ನು ನಮ್ಮ ಕಾಲೇಜಿನ ಮೇಷ್ಟ್ರೂ ಕಂಡಿರಲಿಲ್ಲ. ನನ್ನ ಮುಖ ಅರಳಿದ್ದನ್ನು ಮೋನಪ್ಪಣ್ಣ ನೋಡಿರಬೇಕು. "ಎಲ್ರಿಗೂ ಹೇಳಿಡಿ ಅಕ್ಕ," ಎಂದು ಮತ್ತೊಮ್ಮೆ ಹೇಳಿದರು. "ನಿನ್ನೆ ನಿಮ್ಮ ಮಾಮನಿಗೆ ಹೇಳ್ಲಿಕ್ಕೆ ಹೋದೆ. ಅವ್ರು ನನಗೆ ದುಬಾಯಿಯ ಬಿಲ್ಡಿಂಗ್ ತೋರಿಸ್ಲಿಕ್ಕೆ ಶುರು ಮಾಡಿದ್ರು."

"ಹೇಳ್ತೇನೆ," ಎಂದೆ.

ಹೇಳಲಿಲ್ಲ. ಮರೆತೆ ಎಂದು ಬರೆಯಲು ಕೈ ಹೋಗುತ್ತದೆ. ಮರೆತಿರಲಿಲ್ಲ. ಹೇಳಿದ್ದರೆ ಉಮ್ಮ ಅರ್ಧ ಗಂಟೆಯಲ್ಲಿ ಚೀಲ ಕಟ್ಟಿ ಕಾರಿನಲ್ಲಿ ಕೂತಿರುತ್ತಿದ್ದರು. ನನಗೆ ಇನ್ನೂ ಮೂರು ದಿನ ಬೇಕಿತ್ತು, ಆ ಗಿಡುಗ ಬೇಕಿತ್ತು. ನಾನಿದ್ದೇನಲ್ಲ, ಬಂದರೆ ಮೊದಲು ಕಾಣುವುದು ನನಗೇ, ಆಗ ಹೇಳಿದರಾಯಿತು ಎಂದುಕೊಂಡೆ.

ಐದನೇ ದಿನ ಶುಕ್ರವಾರ. ಮಧ್ಯಾಹ್ನ ಊಟ ಮುಗಿಸಿ ಹೊರಡುವುದೆಂದಾಗಿತ್ತು. ಹಿಂದಿನ ದಿನದಿಂದ ಮೊಬೈಲಿನ ಟವರ್ ಕೆಟ್ಟು ಯಾರ ಫೋನಿಗೂ ಜೀವ ಇರಲಿಲ್ಲ. ಉಪ್ಪ ಅಂಗಳದಲ್ಲಿ ಅಡ್ಡಾಡುತ್ತಾ ಗೌಡರ ಮನೆಯವರ ಚಪ್ಪಲಿಗಳ ಸವೆತ ನೋಡಿ ಅವರವರ ನಡಿಗೆಯ ದೋಷ ಹೇಳುತ್ತಿದ್ದರು. ಮಾಮ ಜುಮಾ ನಮಾಜಿಗೆ ಗುತ್ತಿಗಾರಿನ ಕಡೆ ಹೋಗಲು ಸ್ನಾನ ಮಾಡಿ ಬಿಳಿ ಅಂಗಿ ಹಾಕಿ ತಯಾರಾಗಿದ್ದರು. ಹತ್ತು ಗಂಟೆ ದಾಟಿತ್ತು. ನಾನು ಗದ್ದೆಯ ಬದುವಿನಲ್ಲಿ ಕೂತಿದ್ದೆ.

ಆಗ ಅದು ಬಂತು. ಕಾಡಿನ ಮೇಲಿಂದ, ಅಗಲ ರೆಕ್ಕೆ ಚಾಚಿ, ನಿಧಾನವಾಗಿ. ಒಂದು ಸುತ್ತು ಹಾಕಿತು. ದುರ್ಬೀನಿನಲ್ಲಿ ತಲೆ ಸ್ಪಷ್ಟವಾಗಿ ಕಂಡಿತು, ಪಾರಿವಾಳದ್ದೇ, ಸಣ್ಣದು. ಎರಡನೇ ಸುತ್ತು ಬೂರುಗದ ಮರಕ್ಕೆ ಹತ್ತಿರವಾಯಿತು.

ಆ ಹೊತ್ತಿನಲ್ಲಿ ನಾನು ಹೇಳಬೇಕಿದ್ದ ಮಾತು 'ಒಳಗೆ ಹೋಗಿ' ಎಂಬುದು. ಒಂದು ವರ್ಷದಿಂದ ಮನಸ್ಸಿನಲ್ಲೇ ಆ ಜಾಗಕ್ಕೆ ಬಂದು ನಿಲ್ಲುತ್ತೇನೆ, ಬಾಯಿ ತೆರೆಯುತ್ತೇನೆ, ಪ್ರತಿ ಸಲವೂ ಬರುವುದು ಬೇರೆಯೇ.

"ಬನ್ನಿ! ಎಲ್ರೂ ಬನ್ನಿ! ಜೇನುಗಿಡುಗ ಬಂದಿದೆ!"

ಯಾರಾದರೂ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬಂದಿರಲಿಲ್ಲ. ಆದರೆ ಅಂದು ಫೋನು ಸತ್ತಿತ್ತು. ಉಪ್ಪ ಬಂದರು. ಉಮ್ಮ ಕೈ ಒರೆಸುತ್ತಾ ಬಂದರು. ಮಾಮಿ ಜಗಲಿಯಿಂದ ಇಳಿದರು. ಎಲ್ಲರಿಗಿಂತ ಮುಂದೆ ಮಾಮ, ಬಿಳಿ ಅಂಗಿಯಲ್ಲಿ, ಗದ್ದೆಯ ನಡುವಿನವರೆಗೆ ನಡೆದು ಬಂದು, "ಎಲ್ಲಿ? ಕೊಡು ಇಲ್ಲಿ ಆ ಕನ್ನಡಕ" ಎಂದು ದುರ್ಬೀನಿನ ಪಟ್ಟಿಯನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಚಕ್ರ ತಿರುಗಿಸಲು ತೋರಿಸಿಕೊಟ್ಟೆ.

"ಯಾ ಅಲ್ಲಾಹ್," ಎಂದರು. ನಿಜವಾದ ಬೆರಗಿನ ದನಿ ಅದು. "ರುಬೀ, ಇದರ ಕಣ್ಣು ಕಾಣ್ತದೆ ಮಾರಾಯ್ತಿ! ಹಳದಿ ಕಣ್ಣು! ನೀನು ದಿನಾ ಇದನ್ನಾ ನೋಡುದು?"

"ನಂಗೂ ಕೊಡೋ," ಎಂದರು ಉಮ್ಮ.

"ನಿಲ್ಲು ಅಕ್ಕ, ಅದು ಎಂತೋ ಮಾಡ್ತಾ ಉಂಟು."

ನಾಲ್ಕು ಜನ ಕತ್ತು ಎತ್ತಿ ನಿಂತಿದ್ದರು, ನಾನು ನೋಡುವುದನ್ನೇ ನೋಡುತ್ತಾ. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಸುಳ್ಳಾಗುತ್ತದೆ. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಾದ ಗಳಿಗೆ ಬೇರೆ ಇಲ್ಲ. ಮರ ದೂರವಿದೆ, ಏನೂ ಆಗಲಿಕ್ಕಿಲ್ಲ ಎಂದು ಆ ಖುಷಿಯೇ ನನಗೆ ಹೇಳುತ್ತಿತ್ತು.

ಗಿಡುಗ ಎರಗಿತು. ಎರಿಯ ಒಂದು ತುಂಡು ಕಿತ್ತು ಕಾಲಲ್ಲಿ ಹಿಡಿದು ಮೇಲೆದ್ದಿತು. ಕೊಂಬೆಯ ಕೆಳಗಿದ್ದ ಹುಳಗಳ ಕಪ್ಪು ಸೆರಗು ಜಾರಿ ಬಿದ್ದಂತಾಯಿತು, ಬಿದ್ದದ್ದು ನೆಲ ಮುಟ್ಟಲಿಲ್ಲ. ಹಟ್ಟಿಯ ಕಡೆಯಿಂದ ಮೋನಪ್ಪಣ್ಣ, "ಒಳಗೆ! ಒಳಗೆ ಹೋಗಿ!" ಎಂದು ಕಿರುಚುತ್ತಿದ್ದರು.

ಮೊದಲು ಓಡಿದವಳು ನಾನು.

ಉಳಿದವರಿಗೆ ಯಾಕೆ ಓಡಬೇಕೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗದ್ದೆಯಿಂದ ಬಾಗಿಲಿಗೆ ಐವತ್ತು ಹೆಜ್ಜೆ ಇರಬಹುದು. ಅಂಗಳ ದಾಟುವಾಗ ಕಿವಿಯ ಹಿಂದೆ ಒಂದು, ಮಣಿಕಟ್ಟಿನಲ್ಲಿ ಒಂದು ಕುಟುಕಿತು. ನಾನು ಒಳಗೆ ಸೇರಿ ಗೋಡೆಗೆ ಒರಗಿದೆ. ಉಮ್ಮ, ಮಾಮಿ ಬಂದು ಬಿದ್ದರು. ಉಪ್ಪ ಬಂದರು, ಬಾಗಿಲು ಎಳೆದರು. ಆಗ ಮಾಮಿ, "ಇವ್ರೆಲ್ಲಿ?" ಎಂದರು.

ಕಿಟಕಿಯ ಗಾಜಿನಲ್ಲಿ ಕಂಡಿತು. ಮಾಮ ದುರ್ಬೀನು ಕಣ್ಣಿಗಿಟ್ಟು ನೋಡುತ್ತಿದ್ದವರು, ಅದರೊಳಗೆ ಏನು ಕಂಡರೋ, ನಾವು ಓಡುವ ದಿಕ್ಕು ಅವರಿಗೆ ತಿಳಿಯಲಿಲ್ಲ. ದುರ್ಬೀನಿನ ಪಟ್ಟಿ ಅವರು ಹಾಕಿದ್ದ ಕನ್ನಡಕಕ್ಕೆ ಸಿಕ್ಕಿಕೊಂಡು, ಎರಡನ್ನೂ ಕಿತ್ತೆಸೆಯಲು ನೋಡುತ್ತಿದ್ದರು. ಆಮೇಲೆ ಕೈ ಬೀಸತೊಡಗಿದರು. ಬೀಸಬಾರದು. ಬಿಳಿ ಅಂಗಿ ನೋಡುತ್ತಿದ್ದಂತೆ ಬಣ್ಣ ಬದಲಾಯಿತು. ಮಾಮಿ ಬಾಗಿಲಿಗೆ ಹಾರಿದರು, ಉಪ್ಪ ಅವರನ್ನು ಸೊಂಟಕ್ಕೆ ಹಿಡಿದು ನಿಲ್ಲಿಸಿದರು. ನಾನು ಹಾರಲಿಲ್ಲ, ನನ್ನನ್ನು ಯಾರೂ ಹಿಡಿಯಬೇಕಾಗಿರಲಿಲ್ಲ.

ಮೋನಪ್ಪಣ್ಣ ಹಟ್ಟಿಯಿಂದ ಕಂಬಳಿ ಹೊದ್ದು, ಒಣ ತೆಂಗಿನ ಗರಿಯ ಸೂಟೆಗೆ ಬೆಂಕಿ ಹಚ್ಚಿ ಅದರ ಹೊಗೆ ಬೀಸುತ್ತಾ ಗದ್ದೆಗೆ ನಡೆದರು. ಓಡಲಿಲ್ಲ. ಮಾಮನ ಮೇಲೆ ಇನ್ನೊಂದು ಕಂಬಳಿ ಎಸೆದು, ಅಪ್ಪಿ ಹಿಡಿದು, ಹಟ್ಟಿಯೊಳಕ್ಕೆ ಎಳೆದುಕೊಂಡು ಹೋದರು. ಅದೆಲ್ಲ ಮುಗಿಯಲು ಐದು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಅದನ್ನು ಒಂದು ವರ್ಷದಿಂದ ನೋಡುತ್ತಿದ್ದೇನೆ.

ಹುಳಗಳು ಮರಕ್ಕೆ ಮರಳಿ ಕಾರು ಹೊರಡಲು ಅರ್ಧ ಗಂಟೆ ಕಾಯಬೇಕಾಯಿತು. ಉಪ್ಪ ಓಡಿಸಿದರು, ದಾರಿ ತೋರಿಸಲು ಮೋನಪ್ಪಣ್ಣ ಮುಂದೆ ಕೂತರು. ಹಿಂದೆ ಮಾಮನ ತಲೆ ಮಾಮಿಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಉಮ್ಮ ಅಲ್ಲೇ ಗೌಡರ ಮನೆಯಲ್ಲಿ ಉಳಿದರು. ಕಾರಿನ ತುಂಬ ಬಾಳೆಹಣ್ಣಿನ ವಾಸನೆ. ಮುಳ್ಳನ್ನು ಚಿವುಟಿ ಎಳೆದರೆ ವಿಷ ಇನ್ನಷ್ಟು ಒಳಗೆ ಹೋಗುತ್ತದೆ ಎಂದು ಓದಿದ್ದೆ, ಹಾಗಾಗಿ ಮಾಮನ ಲೈಸೆನ್ಸ್ ಕಾರ್ಡಿನ ಅಂಚಿನಿಂದ ಅವರ ಕಾಲು, ಕೈ, ಕುತ್ತಿಗೆ ಕೆರೆಯುತ್ತಾ ಹೋದೆ.

"ಬರ್ಕೊ," ಎಂದರು ಮಾಮ, ಊದಿದ ತುಟಿಯಲ್ಲಿ. "ಹಮೀದ್, ಒಂದು ಹಕ್ಕಿ ನೋಡಿದ."

"ಮಾತಾಡ್ಬೇಡಿ," ಎಂದರು ಮಾಮಿ.

"ಹಳದಿ ಕಣ್ಣು ಮೈಮೂನಾ…"

ಗುತ್ತಿಗಾರು ತಲುಪುವ ಮೊದಲೇ ಅವರ ಮಾತು ನಿಂತಿತು, ಉಸಿರು ಸಿಳ್ಳೆ ಹಾಕತೊಡಗಿತು. ಅಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಾರಿನಲ್ಲೇ ಚುಚ್ಚುಮದ್ದು ಕೊಟ್ಟು, "ನಿಲ್ಬೇಡಿ, ಸುಳ್ಯಕ್ಕೆ ಹೋಗಿ" ಎಂದರು. ಆ ಸುಳ್ಯದ ದಾರಿಯಲ್ಲಿ ಒಮ್ಮೆ ತಲೆ ಎತ್ತಿದಾಗ ಮುಂದಿನ ಕನ್ನಡಿಯಲ್ಲಿ ಮೋನಪ್ಪಣ್ಣನ ಕಣ್ಣು ನನ್ನ ಮೇಲಿತ್ತು. ಅವರ ಮುಖವೂ ಊದಿತ್ತು. ಅವರು ದೃಷ್ಟಿ ರಸ್ತೆಗೆ ತಿರುಗಿಸಿದರು. ಎಲ್ಲರಿಗೂ ಹೇಳಿದ್ದಿರಾ ಎಂದು ಅಂದೂ ಕೇಳಲಿಲ್ಲ, ಆಮೇಲೆ ಆಸ್ಪತ್ರೆಗೆ ನೋಡಲು ಬಂದಾಗಲೂ ಕೇಳಲಿಲ್ಲ.

ಸುಳ್ಯದಲ್ಲಿ ಮಾಮ ಹದಿನೆಂಟು ದಿನ ಇದ್ದರು. ವಿಷ ಮೂತ್ರಪಿಂಡಕ್ಕೆ ಇಳಿದು, ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಬೇಕಾಯಿತು. ಮೊದಲ ವಾರ ಬದುಕುತ್ತಾರೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತಿರುತ್ತಿದ್ದೆ. ಎದುರಿನ ತಂತಿಯ ಮೇಲೆ ಒಂದು ಕಾಜಾಣ ಬಂದು ಕೂರುತ್ತಿತ್ತು. ನಾನು ತಲೆ ತಗ್ಗಿಸಿ ನೆಲದ ಟೈಲ್ಸ್ ಎಣಿಸುತ್ತಿದ್ದೆ.

ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಐದು ಜನ ಇದ್ದಿರಿ, ಹಮೀದನ ಮೇಲೆ ಮಾತ್ರ ಯಾಕೆ? ಉತ್ತರ ಮೂರನೇ ದಿನ ಸಿಕ್ಕಿತು. ಒಬ್ಬ ಡಾಕ್ಟರು ಮಾತಿನ ನಡುವೆ, "ಸೆಂಟ್ ಹಾಕಿದ್ರಾ? ಕೆಲವೊಮ್ಮೆ ಪರಿಮಳಕ್ಕೂ ಬರ್ತವೆ" ಎಂದರು. ಮಾಮಿ ಮೆಲ್ಲಗೆ, "ಶುಕ್ರವಾರ ಅಲ್ವಾ, ನಾನು ಅತ್ತರ್ ಹಚ್ಚಿದ್ದೆ" ಎಂದರು. ಆ 'ಕೆಲವೊಮ್ಮೆ' ಎಂಬುದು ಜಗಲಿ ದಾಟಿ ನಮ್ಮ ಬಳಗ ತಲುಪುವಷ್ಟರಲ್ಲಿ 'ಖಂಡಿತ' ಆಗಿತ್ತು.

"ಕಾಡಿಗೆ ಹೋಗುವವನಿಗೆ ಅತ್ತರ್ ಹಚ್ಚಿ ಕಳಿಸುದಾ?" ಎಂದು ಉಮ್ಮ ಆಸ್ಪತ್ರೆಯಲ್ಲೇ ಹೇಳಿದರು. ತಮ್ಮ ಉಳಿಯುತ್ತಾನೋ ಇಲ್ಲವೋ ಎಂಬ ಭಯಕ್ಕೆ ಬಂದ ಮಾತು. ನಾನು ಆಗ ಬಾಯಿ ತೆರೆದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಮಾಮ ಬದುಕಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಮಾಮ ಬದುಕಿದರು. ಮನೆಗೆ ಬರಲಿ ಎಂದುಕೊಂಡೆ. ಬಂದರು. ತೂಕ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾ ಮೂರು ತಿಂಗಳಿದ್ದು ಶಾರ್ಜಾಕ್ಕೆ ಹೋದರು. ವಿಮಾನ ಹತ್ತುವ ದಿನವೂ ನನ್ನ ತಲೆಗೆ ಮೊಟಕಿ, "ಮುಂದಿನ ರಜೆಗೆ ನವಿಲು ತೋರಿಸಿದ್ರೆ ಸಾಕು ಮಾರಾಯ್ತಿ" ಎಂದರು. ಅವರು ಮೂರು ತಿಂಗಳು ಎದುರಿಗೇ ಇದ್ದರು. ಅವರಿಗೂ ಹೇಳಲಿಲ್ಲ.

ಆದರೆ ಅತ್ತರ್ ಉಳಿಯಿತು. ಅದು ನಮ್ಮ ಬಳಗದ ಜೋಕಾಯಿತು. ಮಳೆಗಾಲದ ನಂತರ ಅರಂತೋಡಿನಲ್ಲಿ ಒಂದು ಮದುವೆ. ಹೆಂಗಸರ ಪಂಕ್ತಿಯಲ್ಲಿ ಮಾಮಿ ಕೂರಲು ಬಂದಾಗ ಉಮ್ಮ ಎಲ್ಲರಿಗೂ ಕೇಳುವಂತೆ, "ಮೈಮೂನಾ ಹತ್ರ ಕೂರುವಾಗ ಜಾಗ್ರತೆ ಆಯ್ತಾ, ಜೇನು ಬಂದೀತು" ಎಂದರು. ಎಲ್ಲರೂ ನಕ್ಕರು, ಮಾಮಿಯೂ ನಕ್ಕರು, ಬಿರಿಯಾನಿ ಬಡಿಸುವವಳೂ ನಕ್ಕಳು. ನಾನು ಮಾಮಿಯ ಎದುರಿನ ಸಾಲಿನಲ್ಲಿ ಕೂತಿದ್ದೆ. ನನ್ನ ಎದುರಿಗೆ ಮಾಮಿ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಾ ಇದ್ದರು, ತಿನ್ನಲಿಲ್ಲ. ಆಮೇಲೆ ಅವರು ಪುತ್ತೂರಿಗೆ ಬರುವುದು ನಿಂತಿತು. ಕಾಲು ನೋವು ಎಂದರು. ಮಾಮ ಅಲ್ಲಿ, ಮಾಮಿ ಕಡಬದಲ್ಲಿ ಒಬ್ಬರೇ, ಗಂಡನನ್ನು ಸಾವಿನ ಬಾಯಿಗೆ ದೂಡಿದವಳು ತಾನೇ ಎಂದುಕೊಂಡು.

ನಾನೂ ಹಕ್ಕಿ ನೋಡುವುದು ಬಿಟ್ಟಿದ್ದೆ. ಉಮ್ಮನಿಗೆ ಸಂತೋಷವಾಗಿತ್ತು. ಒಳ್ಳೆಯ ಸಂಬಂಧಗಳು ಬರತೊಡಗಿದ್ದವು.

ಬಾಳೆಹಣ್ಣಿನ ಅಂಗಡಿಯಿಂದ ಓಡಿದ ಮೂರನೇ ದಿನ ನಾನು ಕಡಬದ ಬಸ್ಸು ಹತ್ತಿದೆ. ಮಾಮಿಯನ್ನು ನೋಡಿ ಬರುತ್ತೇನೆ ಎಂದಷ್ಟೇ ಮನೆಯಲ್ಲಿ ಹೇಳಿದ್ದೆ. ಮಾಮಿ ಬಾಗಿಲು ತೆರೆದು, "ಓ ದೊಡ್ಡವರು! ದಾರಿ ತಪ್ಪಿತಾ?" ಎಂದರು. ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತಿದ್ದರು, ನನ್ನನ್ನು ಅಡಿಗೆಮನೆಯ ಸ್ಟೂಲಿನಲ್ಲಿ ಕೂರಿಸಿ ಮತ್ತೆ ನಾದತೊಡಗಿದರು. ನಾನು ಎರಡನೇ ಬೆಳಗ್ಗೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಮೋನಪ್ಪಣ್ಣ ಹೇಳಿದ್ದು. ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಕರೆದದ್ದು. ಮೊದಲು ಓಡಿದ್ದು.

ಮಾಮಿಯ ಕೈ ಹಿಟ್ಟಿನಲ್ಲೇ ನಿಂತಿತ್ತು.

"ಗಿಡುಗ ಬಂದ್ರೆ ಒಳಗೆ ಹೋಗ್ಬೇಕು ಅಂತ ನಿಂಗೆ ಗೊತ್ತಿತ್ತು."

"ಹೌದು."

"ಮೂರು ದಿನ ಮೊದಲೇ."

"ಹೌದು ಮಾಮಿ."

"ನಾನು ಈ ಒಂದು ವರ್ಷ…" ಎಂದು ನಿಲ್ಲಿಸಿದರು. ನಲ್ಲಿ ತಿರುಗಿಸಿ ಕೈ ತೊಳೆದರು, ಉಗುರಿನ ಸಂದಿಯ ಹಿಟ್ಟನ್ನೂ ಬಿಡದೆ. ಅತ್ತುಬಿಡುತ್ತಾರೆ, ಅಥವಾ ಹೊಡೆಯುತ್ತಾರೆ, ಅಥವಾ 'ಹೋಗ್ಲಿ ಬಿಡು' ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ, ಕೊನೆಯದನ್ನು ಕೇಳಲೆಂದೇ ಅಷ್ಟು ದೂರ ಹೋಗಿದ್ದೆ.

"ನಂಗೆ ಹೇಳಿದ್ರೆ ಎಂತ ಪ್ರಯೋಜನ ರುಬೀ?" ಎಂದರು ಮಾಮಿ. "ನಾನು ನನ್ನನ್ನು ಬೈದದ್ದು ಮನೆಯೊಳಗೆ. ಉಳಿದವರು ಬೈದದ್ದು ಮದುವೆ ಹಾಲಲ್ಲಿ. ನೀನೂ ಇದ್ದೆ ಅಲ್ಲಿ."

ಅವರು ಸೆರಗಿಗೆ ಕೈ ಒರೆಸಿ, ಫ್ರಿಜ್ಜಿನ ಮೇಲಿದ್ದ ಫೋನು ತೆಗೆದು, ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ ನನ್ನ ಎದುರಿನ ಕಟ್ಟೆಯ ಮೇಲಿಟ್ಟರು.

ಉಮ್ಮ ಎತ್ತಿದರು. "ಹಾಂ ಮೈಮೂನಾ, ತಲುಪಿದ್ಳಾ ಅವಳು? ನಿನ್ನ ಕಾಲು ಹೇಗುಂಟು?"

"ತಲುಪಿದ್ದಾಳೆ. ನಿಮ್ಮ ಹತ್ರ ಎಂತೋ ಹೇಳ್ಲಿಕ್ಕುಂಟಂತೆ ಅವಳಿಗೆ."

"ಎಂತ? ಆ ಉಪ್ಪಿನಂಗಡಿಯ ಹುಡುಗ ಒಪ್ಪಿಗೆಯಾ?"

ನಾನು ಮೊದಲಿನಿಂದ ಹೇಳಿದೆ. ಎರಡನೇ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಮಾಮಿ ಗೋಡೆಗೆ ಒರಗಿ ಕೈ ಕಟ್ಟಿ ನಿಂತಿದ್ದರು. ನಾನು ಏನಾದರೂ ಬಿಡುತ್ತೇನೋ ಎಂದು ಕೇಳಿಸಿಕೊಳ್ಳುತ್ತಿರುವಂತೆ. ಬಿಡಲಿಲ್ಲ. ಮಾತು ಮುಗಿದ ಮೇಲೆ ಆಚೆಯಿಂದ ನಮ್ಮ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು.

"ಮೈಮೂನಾ ಅಲ್ಲೇ ಇದ್ದಾಳಾ?" ಎಂದರು ಉಮ್ಮ ಕೊನೆಗೆ.

"ಇದ್ದಾರೆ."

"ಕೇಳ್ತಾ ಇದ್ದಾಳಾ?"

"ಕೇಳ್ತಾ ಇದ್ದಾರೆ."

ಆಮೇಲೆ ಉಮ್ಮ ಕರೆದರು. "ಮೈಮೂನಾ…"

ನಾನು ಮಾಮಿಯ ಕಡೆ ನೋಡಿದೆ. ಅವರು ಅಲುಗಲಿಲ್ಲ.

"ಮೈಮೂನಾ," ಎಂದರು ಉಮ್ಮ ಮತ್ತೊಮ್ಮೆ, ಅವರ ದನಿ ಒಡೆದಿತ್ತು.

ಮಾಮಿ ಕುರ್ಚಿ ಎಳೆದುಕೊಂಡು ಫೋನಿನ ಎದುರು ಕೂತರು. ಉಮ್ಮ ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಿದ್ದರು.